ಸೀಸ ಹೋಯಿತು, ತಲೆನೋವು ಬಂತು

ಈಗಿನ ಸರ್ಕ್ಯೂಟ್ ಬೋರ್ಡ್ ಒಂದನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿ. ಬೆಸುಗೆ ಮಂಕಾಗಿ, ಸ್ವಲ್ಪ ತರಿತರಿಯಾಗಿ ಕಾಣುತ್ತದೆ. ಹಳೆಯ ಕೈಗಳು ಕಂಡ ಕೂಡಲೇ 'ಡ್ರೈ ಸಾಲ್ಡರ್', ಅಂದರೆ ಸರಿಯಾಗಿ ಹಿಡಿಯದ ಬೆಸುಗೆ, ಎಂದುಬಿಡುತ್ತವೆ. ಒಳ್ಳೆಯ ಬೆಸುಗೆ ಫಳಫಳ ಹೊಳೆಯಬೇಕು ಅಂತಲೇ ಅವರು ಕಲಿತದ್ದು. ಆದರೆ ಇದರಲ್ಲಿ ತಪ್ಪೇನೂ ಇಲ್ಲದಿರಬಹುದು. ಸೀಸ ಇಲ್ಲ, ಅಷ್ಟೇ. ಸರಿಯಿದ್ದ ಬೆಸುಗೆಗೆ ಸುಮ್ನೆ ಮತ್ತೆ ಸಾಲ್ಡರಿಂಗ್ ಐರನ್ ತಾಗಿಸಿ, ಬೆಸುಗೆ ಕೂರುವ ತಾಮ್ರದ ಪ್ಯಾಡನ್ನೇ ಕಿತ್ತುಕೊಂಡವರು ಜಾಸ್ತಿ ಜನ ಇದ್ದಾರೆ.

ಹೊಳಪಿಗಿಂತ ಅಂಚನ್ನು ನೋಡಬೇಕು. ಬೆಸುಗೆಯ ಅಂಚು ಪ್ಯಾಡಿನ ಮೇಲೆ ತೆಳ್ಳಗೆ ಹರಡಿದ್ದರೆ ಅದು ಹಿಡಿದಿದೆ. ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಉಂಡೆಯಾಗಿ ಕೂತಿದ್ದರೆ ಹಿಡಿದಿಲ್ಲ.

ಈ ಗೊಂದಲದ ಬೇರು ಹಳೆಯದು. 63 ಪಾಲು ತವರ, 37 ಪಾಲು ಸೀಸದ ಹಳೆಯ ಬೆಸುಗೆ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ಗೆ ಒಮ್ಮೆಲೇ ಕರಗುತ್ತದೆ, ಒಮ್ಮೆಲೇ ಗಟ್ಟಿಯಾಗುತ್ತದೆ. ನಡುವೆ ಅಂಬಲಿಯಂಥ ಸ್ಥಿತಿ ಇಲ್ಲ. 1950ರ ದಶಕದಲ್ಲಿ ವೇವ್ ಸಾಲ್ಡರಿಂಗ್ ಬಂದು, ಕರಗಿದ ಸಾಲ್ಡರ್ ಅಲೆಯ ಮೇಲೆ ಇಡೀ ಬೋರ್ಡನ್ನೇ ಹಾಯಿಸತೊಡಗಿದಾಗಲೂ ದೋಷಗಳು ಬಹುಪಾಲು ಕಣ್ಣಿಗೆ ಬೀಳುವಂಥವೇ ಆಗಿದ್ದವು. ಎರಡು ಕಾಲಿನ ನಡುವೆ ಶಾರ್ಟ್ ಆದರೆ ಐರನ್ ಹಿಡಿದು ಬಿಡಿಸಿದರೆ ಆಯಿತು.

1980ರ ದಶಕದಲ್ಲಿ ಬೋರ್ಡಿನ ಮೈಮೇಲೇ ಕೂರುವ ಪುಟ್ಟ ಭಾಗಗಳು ಎಲ್ಲೆಡೆ ಬಂದವು. ಅವುಗಳ ಜೊತೆ ಬೆಸುಗೆಯ ಪುಡಿ ಬೆರೆತ ಸಾಲ್ಡರ್ ಪೇಸ್ಟ್, ಅದನ್ನು ಪ್ಯಾಡಿನ ಮೇಲೆ ಬಳಿಯಲು ತೂತಿನ ತಗಡಾದ ಸ್ಟೆನ್ಸಿಲ್, ಕರಗಿಸಲು ರಿಫ್ಲೋ ಓವನ್. ಒಂದು ಮಿಲಿಮೀಟರ್ ಉದ್ದದ ರೆಸಿಸ್ಟರ್ ಓವನ್ನಿನಿಂದ ಎದ್ದು ನಿಂತುಕೊಂಡು ಬರುವುದು ಆಗಿನಿಂದ ಪರಿಚಿತ ಕಾಟ. ಒಂದು ತುದಿಯ ಪೇಸ್ಟ್ ಮೊದಲು ಕರಗಿ ಎಳೆಯುತ್ತದೆ, ಇನ್ನೊಂದು ತುದಿ ಮೇಲೇಳುತ್ತದೆ. ಹಲವು ಸಲ ತಪ್ಪು ಓವನ್ನಿನದಲ್ಲ. ಒಂದು ಪ್ಯಾಡ್ ಅಗಲವಾದ ತಾಮ್ರದ ಹಾಳೆಗೆ ನೇರವಾಗಿ ಅಂಟಿಕೊಂಡು ಶಾಖವನ್ನೆಲ್ಲ ಕುಡಿಯುತ್ತಿರುತ್ತದೆ. ಪ್ರತಿ ಬೋರ್ಡಿನಲ್ಲೂ ಅದೇ ಜಾಗದಲ್ಲಿ ಹೀಗಾದರೆ ಡಿಸೈನ್ ಅಥವಾ ಸ್ಟೆನ್ಸಿಲ್ ನೋಡಿ. ಭಾಗಗಳು ಸುತ್ತಿಕೊಂಡು ಬರುವ ರೀಲ್ ಬದಲಿಸಿದಾಗ ಶುರುವಾದರೆ ಆ ರೀಲಿನ ಭಾಗಗಳ ಮೇಲೇ ಮೊದಲ ಅನುಮಾನ.

ಮುಂದಿನ ತಿರುವಿನ ಬಗ್ಗೆ ಮಾತು ಕಡಿಮೆ. ಅಂದಿನವರೆಗೆ ಬೆಸುಗೆಯ ನಂತರ, ಕಿಲುಬು ತೆಗೆದು ಬೆಸುಗೆ ಹಿಡಿಯುವಂತೆ ಮಾಡುವ ಫ್ಲಕ್ಸ್‌ನ ಉಳಿಕೆ ಹೋಗಲೆಂದು ಬೋರ್ಡನ್ನು ಸಿಎಫ್‌ಸಿ ದ್ರಾವಕದಲ್ಲಿ ತೊಳೆಯುವುದು ರೂಢಿ. ಓಝೋನ್ ಪದರ ಉಳಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, ಆ ದ್ರಾವಕಕ್ಕೆ ಕುತ್ತು ಬಂತು. ತೊಳೆಯುವ ಗೊಡವೆಯೇ ಇಲ್ಲದ 'ನೋ ಕ್ಲೀನ್' ಫ್ಲಕ್ಸ್ ಹರಡಿತು. ಬೋರ್ಡಿನ ಮೇಲೆಯೇ ಉಳಿಯಬೇಕಾದ್ದರಿಂದ ಅದು ಸೌಮ್ಯ. ಕಿಲುಬು ಕೊಂಚ ಜಾಸ್ತಿಯಾದರೂ ಅದರ ಕೈ ಸಾಗುವುದಿಲ್ಲ. ಹಳೆಯ ಸ್ಟಾಕಿನ ಭಾಗಗಳು ಈಗ ಅಷ್ಟು ತಕರಾರು ಮಾಡುವುದಕ್ಕೆ ಇದೂ ಒಂದು ಕಾರಣ.

ದೊಡ್ಡ ಪೆಟ್ಟು ಬಿದ್ದದ್ದು 2006ರ ಜುಲೈ 1ರಂದು. ಐರೋಪ್ಯ ಒಕ್ಕೂಟದ ರೋಹ್ಸ್ ನಿಯಮ (ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಅಪಾಯಕಾರಿ ವಸ್ತುಗಳಿಗೆ ಮಿತಿ ಹಾಕುವ ನಿಯಮ) ಜಾರಿಗೆ ಬಂದು, ಸೀಸಕ್ಕೆ ತೂಕದಲ್ಲಿ ಶೇ. 0.1ರ ಮಿತಿ ಬಿತ್ತು. ಅದರ ಜಾಗಕ್ಕೆ ಹೆಚ್ಚಾಗಿ ಬಂದದ್ದು ಶೇ. 96.5 ತವರ, 3 ಬೆಳ್ಳಿ, 0.5 ತಾಮ್ರದ ಮಿಶ್ರಣ. ಅದು ಕರಗಲು ಶುರುವಾಗುವುದೇ ಸುಮಾರು 217 ಡಿಗ್ರಿಗೆ. ಓವನ್ 240ರ ಆಸುಪಾಸಿಗೆ ಏರಬೇಕಾಯಿತು, ಆದರೆ ಭಾಗಗಳು ತಡೆಯುವ ಶಾಖ ಅಷ್ಟೇನೂ ಏರಲಿಲ್ಲ.

ಆ ಬಿಸಿಗೆ ಬೋರ್ಡ್ ಮತ್ತು ಚಿಪ್ ಬಾಗುತ್ತವೆ. ಕಾಲುಗಳ ಬದಲು ಅಡಿಯಲ್ಲಿ ಬೆಸುಗೆಯ ಗುಂಡುಗಳಿರುವ ಬಿಜಿಎ ಚಿಪ್ಪಿನ ಒಂದು ಗುಂಡು ಪೇಸ್ಟಿನಿಂದ ಮೇಲೆದ್ದು, ಗಾಳಿಗೆ ಕಿಲುಬು ಹಿಡಿದು, ತಣ್ಣಗಾಗುವಾಗ ಮತ್ತೆ ಕೆಳಗೆ ಕೂರುತ್ತದೆ. ಬೆರೆಯುವುದಿಲ್ಲ, ದಿಂಬಿನ ಮೇಲೆ ತಲೆಯಿಟ್ಟ ಹಾಗೆ ಸುಮ್ಮನೆ ಒರಗಿರುತ್ತದೆ. ತಾಗಿಕೊಂಡಿರುವುದರಿಂದ ಟೆಸ್ಟಿನಲ್ಲಿ ಪಾಸ್. ಮೇಲಿನಿಂದ ತೆಗೆದ ಎಕ್ಸ್-ರೇಯಲ್ಲಿ ಬರೀ ದುಂಡಗಿನ ನೆರಳು. ಬಳಸುವವರ ಕೈಯಲ್ಲಿ ಒಂದಿಷ್ಟು ಅಲುಗಾಡಿದ ಮೇಲೆ ಕೈಕೊಡುತ್ತದೆ. ಪರೀಕ್ಷೆ ಮಾಡುವವರಿಗೆ ಇದಕ್ಕಿಂತ ಕೆಟ್ಟ ದೋಷ ಬೇರೆ ಇಲ್ಲ ಅನ್ನಿಸುತ್ತದೆ ನನಗೆ.

ಸೀಸ ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತಿತ್ತು. ಅಪ್ಪಟ ತವರದ ಲೇಪನದಿಂದ ಕೂದಲಿನಂಥ ಎಳೆಗಳು ತಾವಾಗಿಯೇ ಬೆಳೆದು ಪಕ್ಕದ ಕಾಲಿಗೆ ಶಾರ್ಟ್ ಮಾಡುತ್ತವೆ. ಸ್ವಲ್ಪ ಸೀಸ ಬೆರೆಸಿದರೆ ಅವು ಅಡಗುತ್ತವೆ ಎಂದು ದಶಕಗಳ ಹಿಂದೆಯೇ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನವರಿಗೆ ಗೊತ್ತಾಗಿತ್ತು. 1998ರಲ್ಲಿ ಗ್ಯಾಲಕ್ಸಿ 4 ಉಪಗ್ರಹ ಕೆಟ್ಟು ಅಮೆರಿಕದ ಬಹುಪಾಲು ಪೇಜರ್‌ಗಳು ಸ್ತಬ್ಧವಾದಾಗಲೂ ಬೆರಳು ತೋರಿದ್ದು ಈ ಎಳೆಗಳ ಕಡೆಗೇ.

ಬಾಗುವ ಕಾಟ ತಪ್ಪಿಸಲು ಈಗ ತವರ ಮತ್ತು ಬಿಸ್ಮತ್‌ನ ಮಿಶ್ರಣ ಬಳಕೆಗೆ ಬರುತ್ತಿದೆ. 138 ಡಿಗ್ರಿಗೇ ಕರಗುತ್ತದೆ, ಓವನ್ ತಣ್ಣಗಿರುತ್ತದೆ. ಆದರೆ ಬಿದ್ದರೆ ಬಿರುಕು ಬಿಡುವ ಗುಣ ಅದಕ್ಕೆ. ರಿಪೇರಿ ಬೆಂಚಿನ ಐರನ್ ತುದಿಯಲ್ಲಿ ಹಳೆಯ ಸೀಸ ಉಳಿದಿದ್ದರಂತೂ ಕಷ್ಟ. ತವರ, ಸೀಸ, ಬಿಸ್ಮತ್ ಮೂರೂ ಸೇರಿದರೆ ಸುಮಾರು 96 ಡಿಗ್ರಿಗೇ ಕರಗುವ ಮಿಶ್ರಣ ಹುಟ್ಟುತ್ತದೆ. ನೀರು ಕುದಿಯುವುದಕ್ಕೂ ಮೊದಲೇ ಆ ಬೆಸುಗೆ ಕೈಬಿಡಬಹುದು.