ಶರಾವತಿ ಹಿನ್ನೀರಲ್ಲಿ ಎರಡು ದಿನ ದೋಣಿಯಲ್ಲಿ ತಿರುಗೋಕೆ ಯಾಕೆ ಆಗಲ್ಲ?

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಗೆಳೆಯ ಹೊಳೆಬಾಗಿಲಿನ ದಡದಲ್ಲಿ ನಿಂತು ಕೇಳಿದ: ‘ಇಷ್ಟೊಂದು ನೀರಿದೆಯಲ್ಲ ಮಾರಾಯ, ಅಲೆಪ್ಪಿಯಲ್ಲಿ ಇರೋ ಹಾಗೆ ಒಂದು ಬೋಟ್ ಹಿಡಿದು ನಾಲ್ಕು ಜನ ಎರಡು ದಿನ ತಿರುಗೋಣ ಅಂದ್ರೆ ಇಲ್ಲಿ ಆಗಲ್ವಾ?’

ಆಗಲ್ಲ ಅಂದೆ. ಯಾಕೆ ಅಂತ ಹೇಳೋಕೆ ಹೋದರೆ ಮಾತು ಎಂಬತ್ತು ವರ್ಷ ಹಿಂದಕ್ಕೆ ಹೋಯಿತು.

ಘಟ್ಟದ ಮೇಲಿನ ಶರಾವತಿ ಯಾವತ್ತೂ ದೋಣಿಯ ದಾರಿ ಆಗಿರಲಿಲ್ಲ. ತೀರ್ಥಹಳ್ಳಿ ಹತ್ತಿರದ ಅಂಬುತೀರ್ಥದಲ್ಲಿ ಹುಟ್ಟಿ, ಬಂಡೆ, ಮಡು, ಕಾಡು ದಾಟಿ ಜೋಗದಲ್ಲಿ 253 ಮೀಟರ್ ಕೆಳಗೆ ಧುಮುಕುವ ಹೊಳೆ ಅದು. ಇಲ್ಲಿ ದೋಣಿ ಬೇಕಾದದ್ದು ಈ ದಡದಿಂದ ಆ ದಡಕ್ಕೆ, ಅಷ್ಟೇ. ದೋಣಿ ದಾರಿ ಇದ್ದದ್ದು ಘಟ್ಟದ ಕೆಳಗೆ, ಹೊನ್ನಾವರದಿಂದ ಗೇರುಸೊಪ್ಪೆವರೆಗೆ. ಕಾಳುಮೆಣಸಿನ ವ್ಯಾಪಾರಕ್ಕೆ ಗೇರುಸೊಪ್ಪೆ ಹೆಸರಾಗಿತ್ತು. ಬ್ರಿಟಿಷರ ಕಾಲದಲ್ಲಿ ಕರಾವಳಿ ಕಡೆಯಿಂದ ಜೋಗ ನೋಡಲು ಬರುವವರು ಅಲ್ಲಿತನಕ ದೋಣಿಯಲ್ಲಿ ಬಂದು, ಆಮೇಲೆ ಘಟ್ಟ ಹತ್ತುತ್ತಿದ್ದರು. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಜಲಮಾರ್ಗಗಳ ಪಟ್ಟಿಯಲ್ಲಿ ಶರಾವತಿಯೂ ಇದೆ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ನಮ್ಮ ಕಡೆ ದೋಣಿ ಓಡುತ್ತೆ ಅಂತೇನಿಲ್ಲ.

ಹಾಗಾದರೆ ಮೇಲೆ ಕಾಣುವ ಈ ಸಮುದ್ರದಂಥ ನೀರು? ಅದು ಕರೆಂಟಿಗಾಗಿ ನಿಲ್ಲಿಸಿದ್ದು. ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂತು. ಅದರ ನೀರಿನಿಂದ 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು. ಆಮೇಲೆ ಇನ್ನೂ ಜಾಸ್ತಿ ಕರೆಂಟು ಬೇಕಾಯಿತು. 1964ರಲ್ಲಿ ಲಿಂಗನಮಕ್ಕಿ ಮುಗಿಯಿತು. ಸುಮಾರು 151 ಟಿಎಂಸಿ ನೀರು ನಿಲ್ಲುವ ಈ ಜಲಾಶಯ ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ಊರುಗಳನ್ನೆಲ್ಲ ನುಂಗಿತು. ಹಿರೇಭಾಸ್ಕರ ಅಣೆಕಟ್ಟೂ ಉಳಿಯಲಿಲ್ಲ. ಅಣೆಕಟ್ಟೇ ಮುಳುಗಡೆಯಾದ ಕತೆ ಬೇರೆ ಕಡೆ ಅಷ್ಟಾಗಿ ಸಿಗಲಿಕ್ಕಿಲ್ಲ. ಮೊದಲ ಅಣೆಕಟ್ಟಿಗೆ ಮನೆ ಬಿಟ್ಟು ಮೇಲೆ ಬಂದು ಕೂತವರಲ್ಲಿ ಕೆಲವರು ಎರಡನೆಯದಕ್ಕೆ ಮತ್ತೆ ಗಂಟುಮೂಟೆ ಕಟ್ಟಿದರು. ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಗೋಳು ಇವತ್ತಿಗೂ ಮುಗಿದಿಲ್ಲ.

ನೀರು ನಿಂತ ಮೇಲೆ ತುಮರಿ ಸುತ್ತಲಿನ ಕರೂರು, ಬಾರಂಗಿ ಹೋಬಳಿಗಳು ಹೆಚ್ಚುಕಡಿಮೆ ದ್ವೀಪವಾದವು. ಸಾಗರದ ಆಸ್ಪತ್ರೆ, ಕಾಲೇಜು, ಸಂತೆ, ಕೋರ್ಟು ಎಲ್ಲವೂ ಹೊಳೆಯಾಚೆ. ಹೀಗೆ ಬಂತು ಲಾಂಚ್. ಬಸ್ಸು, ಕಾರು, ಬೈಕು, ಅಡಿಕೆ ಮೂಟೆ, ದಿಬ್ಬಣ ಎಲ್ಲ ಹತ್ತಿಸಿಕೊಂಡು ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಹೋಗುತ್ತಿದ್ದ ಕಬ್ಬಿಣದ ಅಟ್ಟ ಅದು. ಸಿಗಂದೂರಿಗೆ ಹೋಗುವವರು ಅದರ ಮೇಲೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ಅದೇ ಲಾಂಚಿನಲ್ಲಿ ಹೊಟ್ಟೆನೋವು ಬಂದ ಬಸುರಿಯನ್ನು ಕೂರಿಸಿಕೊಂಡವರಿಗೆ ಆ ಕಾಲು ಗಂಟೆ ಎಷ್ಟು ಉದ್ದ ಅಂತ ಗೊತ್ತು. ಸಂಜೆ ಲಾಂಚ್ ನಿಂತರೆ ಆ ಕಡೆಯವರು ಆ ಕಡೆಯೇ. ಹಾಗಾಗಿಯೇ ಸೇತುವೆಗೆ ದಶಕಗಟ್ಟಲೆ ಕೂಗು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಕಡೆಗೂ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ‘ಲಾಂಚಿನ ಮಜಾ ಹೋಯ್ತಲ್ಲ’ ಅಂತ ಗೆಳೆಯ ಅಂದಾಗ ಪಕ್ಕದಲ್ಲಿದ್ದ ತುಮರಿಯ ಅಜ್ಜ ನಕ್ಕರು, ಏನೂ ಹೇಳಲಿಲ್ಲ.

ಈಗ ಅಲೆಪ್ಪಿ ವಿಷಯ. ಅಲ್ಲಿ ದೋಣಿ ಮೊದಲು, ಪ್ರವಾಸಿ ಆಮೇಲೆ. ಭತ್ತ, ಅಕ್ಕಿ ಸಾಗಿಸುತ್ತಿದ್ದ ಕೆಟ್ಟುವಳ್ಳಂ ಅನ್ನುವ ದೊಡ್ಡ ದೋಣಿಗಳೇ ಮುಂದೆ ಹೌಸ್‌ಬೋಟ್ ಆದವು. ಸಮುದ್ರಮಟ್ಟದ ನೀರು, ವರ್ಷವಿಡೀ ಹೆಚ್ಚುಕಡಿಮೆ ಒಂದೇ ಆಳ, ದಡದುದ್ದಕ್ಕೂ ಮನೆ, ಅಂಗಡಿ, ಕಟ್ಟೆ.

ನಮ್ಮಲ್ಲಿ ಹಾಗಲ್ಲ. ಲಿಂಗನಮಕ್ಕಿ ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ವರ್ಷಪೂರ್ತಿ ಕರೆಂಟಿಗೆ ನೀರು ಬಿಟ್ಟು, ಮಳೆ ತಡವಾದರೆ ಜೂನ್ ಹೊತ್ತಿಗೆ 1,750 ಅಡಿ ಆಸುಪಾಸಿಗೆ ಇಳಿದದ್ದೂ ಉಂಟು. ಅಂದರೆ ಇವತ್ತು ದೋಣಿ ಕಟ್ಟಿದ ಜಾಗ ಆರು ತಿಂಗಳಿಗೆ ಗುಡ್ಡದ ಓರೆಯಾಗಿರುತ್ತೆ. ಅಲ್ಲಿಂದ ನೀರಿಗೆ ಇಳಿಯಲು ಅರ್ಧ ಮೈಲಿ ಕೆಸರು ತುಳಿಯಬೇಕು. ಹೀಗಿರುವಾಗ ದೋಣಿಕಟ್ಟೆ ಕಟ್ಟುವುದಾದರೂ ಎಲ್ಲಿ? ನೀರು ತೀರಾ ಇಳಿದ ವರ್ಷಗಳಲ್ಲಿ ಲಾಂಚಿಗೇ ವಾಹನ ಹತ್ತಿಸುವುದನ್ನು ನಿಲ್ಲಿಸಿದ್ದರು.

ಇನ್ನೊಂದು ಕಾಟ ಬೋಳು ಮರ. ಮುಳುಗುವ ಮುಂಚೆ ಕಾಡನ್ನು ಪೂರ್ತಿ ಕಡಿದಿರಲಿಲ್ಲ. ಅರವತ್ತು ವರ್ಷ ಕಳೆದರೂ ಎಷ್ಟೋ ಬೊಡ್ಡೆಗಳು ನೀರೊಳಗೆ ಗಟ್ಟಿಯಾಗಿ ನಿಂತಿವೆ. ಒಮ್ಮೆ ಏಪ್ರಿಲ್‌ನಲ್ಲಿ ನಾವು ಐದು ಜನ ಒಂದು ನಾಡದೋಣಿಯಲ್ಲಿ ಹೋಗಿ, ಕಣ್ಣಿಗೆ ಕಾಣದ ಬೊಡ್ಡೆಯ ಮೇಲೆ ಕೂತುಬಿಟ್ಟಿದ್ದೆವು. ದೋಣಿ ನಡೆಸುವವರು ಹುಟ್ಟುಗೋಲಿನಿಂದ ಸುತ್ತ ಕುಟ್ಟಿ ನೋಡಿ, ‘ಇದು ಹಲಸಿನ ಮರ’ ಅಂದರು. ಅವರಿಗೆ ಮರದ ಜಾತಿಯೂ ನೆನಪಿತ್ತು. ನಕ್ಷೆ ಇಲ್ಲದ ನೀರಿನಲ್ಲಿ ದಾರಿ ಗೊತ್ತಿರುವುದು ಕೆಳಗೆ ಊರಿದ್ದಾಗ ನೋಡಿದವರಿಗೆ, ಅವರಿಂದ ಕೇಳಿದವರಿಗೆ ಮಾತ್ರ.

ದಡದ ಕಾಡಿನದೂ ಒಂದು ಲೆಕ್ಕವಿದೆ. ಹಿನ್ನೀರಿನ ಅಂಚಿನ ಬಹಳಷ್ಟು ಭಾಗ ಶರಾವತಿ ಕಣಿವೆಯ ಅಭಯಾರಣ್ಯ. ರಾತ್ರಿ ಅಲ್ಲಿ ಇಳಿದು ಟೆಂಟ್ ಹಾಕಿದರೆ ಅರಣ್ಯ ಇಲಾಖೆಯವರು ಸುಮ್ನೆ ಬಿಡಲ್ಲ. ಎಂಜಿನ್ ಬೋಟಿಗಂತೂ 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ನೋಂದಣಿ, ತಪಾಸಣೆ, ವಿಮೆ ಎಲ್ಲ ಬೇಕು.

‘ಸರಿ, ನಾಲೆ ಇದೆಯಲ್ಲ? ತುಂಗಾ ನಾಲೆ, ಭದ್ರಾ ನಾಲೆ?’ ಅಂದ. ಆ ನಾಲೆಗಳು ಗದ್ದೆಗೆ ನೀರು ಬಿಡಲು ತೋಡಿದವು. ಹರಿವು ಜೋರು, ನಡುವೆ ಗೇಟು, ತೂಬು, ತಗ್ಗು ಸೇತುವೆ. ಸರದಿ ಮುಗಿದರೆ ನೀರೇ ಇರುವುದಿಲ್ಲ. ಅದರಲ್ಲಿ ದೋಣಿ ಬಿಡುವುದು ಜೀವಕ್ಕೆ ಅಪಾಯ. ದೋಣಿಗೂ ಅಂತಲೇ ತೋಡಿದ ನಾಲೆ ಬೇಕಾದರೆ ತುಂಗಭದ್ರೆಯ ಜೊತೆ ಆಂಧ್ರಕ್ಕೆ ಹೋಗಬೇಕು. 1860ರ ದಶಕದಲ್ಲಿ ತೋಡಿದ ಕರ್ನೂಲು–ಕಡಪ ನಾಲೆಯಲ್ಲಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಏರಿಸಿ ಇಳಿಸಲು ಲಾಕ್‌ಗಳೇ (ಎರಡು ಗೇಟುಗಳ ನಡುವೆ ನೀರು ತುಂಬಿಸಿ, ಖಾಲಿ ಮಾಡುವ ಕಟ್ಟೆ) ಇದ್ದವು. ಅಲ್ಲೂ ಕೊನೆಗೆ ದೋಣಿ ನಿಂತು ನೀರಾವರಿ ಮಾತ್ರ ಉಳಿಯಿತು.

ಹಾಗಂತ ಏನೂ ಇಲ್ಲ ಅಂತಲ್ಲ. ಮರುದಿನ ಇದೇ ಹಿನ್ನೀರಿನ ದಡದ ಹೊನ್ನೇಮರಡುವಿಗೆ ಹೋದೆವು. ಲೈಫ್ ಜಾಕೆಟ್ ಹಾಕಿಕೊಂಡು ಹರಿಗೋಲಿನಲ್ಲಿ ಕೂತು, ಎದುರಿನ ನಡುಗಡ್ಡೆಗೆ ಹೋಗಿ, ಬುತ್ತಿ ಬಿಚ್ಚಿ, ಗಾಳಿ ಏಳುವ ಮೊದಲೇ ವಾಪಸ್ಸಾದೆವು. ನೀರು ತುಂಬಿ, ಮಳೆ ನಿಂತ ಅಕ್ಟೋಬರ್–ಡಿಸೆಂಬರ್ ಇದಕ್ಕೆ ಒಳ್ಳೆ ಕಾಲ. ಅರ್ಧ ದಿನ ಸಾಕು.

ಬಸ್ಸು ಹತ್ತುವಾಗ ಗೆಳೆಯ ಮತ್ತೆ ಲೆಕ್ಕ ಹಾಕುತ್ತಿದ್ದ. ‘ಮೇ ಕೊನೆಗೆ ಬರ್ತೀನಿ ಮಾರಾಯ. ದೋಣಿ ಬೇಡ. ನೀರು ಇಳಿದಿದ್ರೆ ಮಡೆನೂರು ಡ್ಯಾಮಿಗೆ ನಡ್ಕೊಂಡೇ ಹೋಗೋಣ.’