ಗಾಳದ ಮೊನೆ ಎಷ್ಟು ದಿನ ಬಾಳುತ್ತದೆ?

ಮೀನು ಕಚ್ಚುತ್ತದೆ, ದಾರ ಬಿಗಿಯಾಗುತ್ತದೆ, ಕೋಲು ಬಾಗುತ್ತದೆ. ಮರುಕ್ಷಣವೇ ದಾರ ಸಡಿಲ. ಹೀಗಾದಾಗ ನಾವು ದೂರುವುದು ಎರೆಯನ್ನು, ಇಲ್ಲವೇ ನೀರಿನ ಇಳಿತವನ್ನು. ಗಾಳವನ್ನು ಬೆಳಕಿಗೆ ಹಿಡಿದು ಮೊನೆಯನ್ನು ನೋಡುವವರು ಕಡಿಮೆ. ತಪ್ಪಿದ ಮೀನಿನ ಲೆಕ್ಕ ಬಹಳ ಸಲ ಅಲ್ಲಿಯೇ ಸಿಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಚುಚ್ಚುವ ಕೆಲಸವೆಲ್ಲ ಒತ್ತಡದ್ದು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಮೊನೆಯ ತುದಿಯನ್ನು ಒಂದು ಪುಟ್ಟ ವೃತ್ತವೆಂದುಕೊಳ್ಳಿ. ಹೊಸ ಗಾಳದಲ್ಲಿ ಅದರ ತ್ರಿಜ್ಯ 0.02 ಮಿಲಿಮೀಟರ್, ಸವೆದ ಮೇಲೆ 0.1 ಮಿಲಿಮೀಟರ್ ಎಂದಿಟ್ಟುಕೊಂಡರೆ ತ್ರಿಜ್ಯ ಐದು ಪಟ್ಟಾಯಿತು, ವಿಸ್ತೀರ್ಣ 25 ಪಟ್ಟಾಯಿತು. ಅಷ್ಟೇ ಒತ್ತಡ ಬೇಕೆಂದರೆ ಈಗ 25 ಪಟ್ಟು ಬಲ ಹಾಕಬೇಕು. ಬರಿಗಣ್ಣಿಗೆ ಎರಡೂ ಗಾಳಗಳು ಒಂದೇ ರೀತಿ ಕಾಣುತ್ತವೆ.

ಇನ್ನಷ್ಟು ಬಲ ಹಾಕಿ ಎಳೆದರಾಯಿತು ಎನ್ನುವಂತೆಯೂ ಇಲ್ಲ, ಏಕೆಂದರೆ ನೈಲಾನ್ ದಾರ ಹಿಗ್ಗುತ್ತದೆ. 30 ಮೀಟರ್ ದಾರ ನೀರಿನಲ್ಲಿರುವಾಗ ಕೋಲನ್ನು ಒಂದು ಮೀಟರ್ ಹಿಂದಕ್ಕೆ ಎಳೆದರೆ ಆ ಎಳೆತದ ಬಹುಪಾಲು ದಾರ ಹಿಗ್ಗುವುದಕ್ಕೇ ಖರ್ಚಾಗುತ್ತದೆ. ಮೀನಿನ ತುಟಿಯವರೆಗೆ ಹೋಗಿ ಮುಟ್ಟುವುದು ಸ್ವಲ್ಪ ಮಾತ್ರ. ಆ ಸ್ವಲ್ಪದಲ್ಲಿಯೇ ಮೊನೆ ಒಳಗಿಳಿದು, ಅದಕ್ಕಿಂತ ಅಗಲವಾದ ಹಿಮ್ಮುಳ್ಳನ್ನೂ, ಅಂದರೆ ಚುಚ್ಚಿದ ಗಾಳ ಕಳಚದಂತೆ ತಡೆಯುವ ಹಿಮ್ಮುಖದ ಮುಳ್ಳನ್ನೂ, ತನ್ನ ಹಿಂದೆ ಎಳೆದುಕೊಳ್ಳಬೇಕು.

ಮೊನೆಯನ್ನು ಪರೀಕ್ಷಿಸಲು ಉಪಕರಣ ಬೇಡ, ಹೆಬ್ಬೆರಳಿನ ಉಗುರು ಸಾಕು. ಮೊನೆಯನ್ನು ಉಗುರಿನ ಮೇಲೆ ಓರೆಯಾಗಿ ಇಟ್ಟು, ಒತ್ತದೆ ಮೆಲ್ಲಗೆ ಎಳೆಯಿರಿ. ಅಲ್ಲಿಯೇ ಕಚ್ಚಿ ನಿಂತರೆ ಚೂಪಾಗಿದೆ. ಬಿಳಿ ಗೆರೆಯನ್ನೂ ಉಳಿಸದೆ ಜಾರಿಹೋದರೆ ಮೊಂಡಾಗಿದೆ. ಜೇಬಿನಲ್ಲಿ ಒಂದು ಭೂತಗನ್ನಡಿ ಇದ್ದರೆ ಇನ್ನೂ ಒಂದು ಸಂಗತಿ ತಿಳಿಯುತ್ತದೆ: ಮೊನೆ ಸವೆದು ಚಪ್ಪಟೆಯಾಗಿದೆಯೇ, ಒಂದು ಕಡೆಗೆ ಮಡಚಿಕೊಂಡಿದೆಯೇ, ಅಥವಾ ಮುರಿದೇ ಹೋಗಿದೆಯೇ? ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಮಂಗಳೂರಿನ ಅಳಿವೆಯಂಥ ಕಡೆ, ತಡೆಗೋಡೆಯ ಬಂಡೆಗಳಿಗೂ ಅವುಗಳಿಗೆ ಅಂಟಿದ ಚಿಪ್ಪುಗಳಿಗೂ ಗಾಳ ಸಿಕ್ಕಿಕೊಂಡು ಬಿಡಿಸಿಕೊಂಡು ಬಂದಾಗಲೆಲ್ಲ ಉಗುರಿನ ಪರೀಕ್ಷೆ ಮಾಡುವುದು ಒಳ್ಳೆಯದು. ಬಂಡೆಗೆ ಒಮ್ಮೆ ತಾಗಿದರೂ ಮೊನೆ ಮಡಚಿಕೊಳ್ಳಬಹುದು.

ಸವೆದ ಮತ್ತು ಮಡಚಿದ ಮೊನೆಗಳನ್ನು ಉಜ್ಜಿ ಸರಿಪಡಿಸಬಹುದು. ಗಾಳದ ಬಾಗನ್ನು ಇಕ್ಕಳದಲ್ಲಿ ಗಟ್ಟಿಯಾಗಿ ಹಿಡಿದು, ನುಣುಪಾದ ಅರವನ್ನು ಮೊನೆಯ ಓರೆಗೆ ಸಮನಾಗಿ ಕೂರಿಸಿ, ಒಂದೇ ದಿಕ್ಕಿಗೆ ನಾಲ್ಕಾರು ಸಲ ಎಳೆದರೆ ಸಾಕು. ನಂತರ ಪಕ್ಕದ ಮೈ, ಆಮೇಲೆ ಮತ್ತೊಂದು ಮೈ. ಹಿಂದಕ್ಕೂ ಮುಂದಕ್ಕೂ ಗರಗಸದಂತೆ ಉಜ್ಜಿದರೆ ತುದಿ ಅದುರಿ ಬಾಗುತ್ತದೆ. ಮೊನೆಯ ಉದ್ದನೆಯ ಇಳಿಜಾರು ಉಳಿಯುವಂತೆ ನೋಡಿಕೊಳ್ಳಬೇಕು. ಅವಸರದಲ್ಲಿ ತುದಿಯನ್ನಷ್ಟೇ ಉಜ್ಜಿದರೆ ಕೋನ ದಪ್ಪವಾಗಿ, ಉಗುರಿಗೆ ಚೂಪೆನಿಸಿದರೂ ತುಟಿಯೊಳಗೆ ಇಳಿಯಲು ತಿಣುಕುತ್ತದೆ.

ಮೋಟಾರಿನ ಸಾಣೆಚಕ್ರಕ್ಕೆ ಮಾತ್ರ ಗಾಳವನ್ನು ಕೊಡಲೇಬೇಡಿ. ಸಾಮಾನ್ಯ ಗಾಳಗಳು ಇಂಗಾಲ ಹೆಚ್ಚಿರುವ ಉಕ್ಕಿನ ತಂತಿಯಿಂದ ಆದವು. ಬಗ್ಗಿಸಿದ ತಂತಿಯನ್ನು ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದಾಗ ಉಕ್ಕು ಗಡಸಾಗುತ್ತದೆ, ಆದರೆ ಗಾಜಿನಂತೆ ಮುರಿಯುವ ಸ್ವಭಾವವೂ ಬರುತ್ತದೆ. ಅದನ್ನು ಮತ್ತೆ ಹದವಾಗಿ ಕಾಯಿಸಿ ಗಡಸುತನ ಮತ್ತು ಬಳುಕು ಎರಡನ್ನೂ ಹೊಂದಿಸುತ್ತಾರೆ. ಮೊನೆಯ ತುದಿಯಲ್ಲಿ ಲೋಹ ಅತ್ಯಲ್ಪ, ಆದ್ದರಿಂದ ಚಕ್ರಕ್ಕೆ ತಾಗಿದ ಕೂಡಲೇ ಕಾದುಬಿಡುತ್ತದೆ. ನೀಲಿ ಬಣ್ಣ ಕಂಡಿತೆಂದರೆ ಉಷ್ಣತೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಎಂದರ್ಥ. ಆಗ ಹದ ಕೆಟ್ಟು ಮೊನೆ ಮೆತ್ತಗಾಗಿರುತ್ತದೆ. ನೋಡಲು ಎಷ್ಟೇ ಚೂಪಾಗಿದ್ದರೂ ಅದು ಮೊದಲ ಎಳೆತಕ್ಕೇ ಬಾಗುವ ಮೊನೆ.

ಉಜ್ಜಿದ ಗಾಳಕ್ಕೆ ಇನ್ನೊಂದು ಶತ್ರುವಿದೆ, ಅದು ತುಕ್ಕು. ಗಾಳದ ಮೇಲೆ ನಿಕ್ಕಲ್, ತವರ ಅಥವಾ ಸತುವಿನ ಲೇಪನ ಇರುತ್ತದೆ. ಸತು ಉಕ್ಕಿಗಿಂತ ಬೇಗ ಕರಗುವ ಲೋಹ. ಲೇಪನದಲ್ಲಿ ಗೀರು ಬಿದ್ದರೂ ತಾನು ಕರಗಿ ಉಕ್ಕನ್ನು ಕಾಯುತ್ತದೆ. ನಿಕ್ಕಲ್ ಮತ್ತು ತವರ ಇದಕ್ಕೆ ತದ್ವಿರುದ್ಧ. ಲೇಪನ ಅಖಂಡವಾಗಿರುವವರೆಗೆ ಮಾತ್ರ ಅವು ರಕ್ಷಕರು. ಅರದಿಂದ ಉಜ್ಜಿ ಮೊನೆಯಲ್ಲಿ ಉಕ್ಕನ್ನು ಬೆತ್ತಲೆ ಮಾಡಿ ಉಪ್ಪುನೀರಿಗೆ ಇಳಿಸಿದಿರಾದರೆ, ಅಲ್ಲೊಂದು ಪುಟ್ಟ ವಿದ್ಯುತ್ ಕೋಶವೇ ಏರ್ಪಡುತ್ತದೆ. ಇಡೀ ಗಾಳವನ್ನು ಹೊದ್ದಿರುವ ನಿಕ್ಕಲ್ ಒಂದು ಕಡೆ, ಸಾಸಿವೆಗಿಂತ ಚಿಕ್ಕದಾದ ಬರಿ ಉಕ್ಕು ಇನ್ನೊಂದು ಕಡೆ. ಕರಗುವ ಸರದಿ ಉಕ್ಕಿನದು, ಅದೂ ನಮಗೆ ಬಹಳ ಬೇಕಾದ ಜಾಗದಲ್ಲಿ. ಸಮುದ್ರದಲ್ಲಿ ಬಳಸಿದ ಗಾಳವನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೂರು ಎಣ್ಣೆ ಸವರಿ ಇಡಬೇಕೆನ್ನುವುದು ಇದಕ್ಕಾಗಿ. ಒದ್ದೆ ಗಾಳವನ್ನು ಒಣ ಗಾಳಗಳ ಡಬ್ಬಿಗೆ ಹಾಕಿ ಮುಚ್ಚಿದರೆ ಡಬ್ಬಿಯಲ್ಲಿದ್ದವೆಲ್ಲ ಹಾಳಾಗುತ್ತವೆ.

ಹಾಗಾದರೆ ಯಾವಾಗ ಬಿಸಾಡಬೇಕು? ಮೇಲೆ ಮಾತ್ರ ಕೆಂಪಾಗಿ, ಒರೆಸಿದರೆ ಹೋಗುವ ತುಕ್ಕಿಗೆ ಹೆದರಬೇಕಿಲ್ಲ. ಒರೆಸಿದ ಮೇಲೂ ಗುಳಿಗಳು ಕಂಡರೆ ತಂತಿ ಅಲ್ಲಿ ತೆಳುವಾಗಿದೆ, ಅದನ್ನು ಉಳಿಸಿಕೊಳ್ಳಬಾರದು. ಮೊನೆ ಹಿಮ್ಮುಳ್ಳಿನ ಸಮೀಪದವರೆಗೂ ಸವೆದಿದ್ದರೂ ಅಷ್ಟೇ. ಬಾಯಿ ಅಗಲಿಸಿದ ಗಾಳವನ್ನು ಇಕ್ಕಳದಿಂದ ಬಗ್ಗಿಸಿ ಮೊದಲಿನಂತೆ ಮಾಡುವ ಅಭ್ಯಾಸ ಎಲ್ಲ ಕಡೆಯೂ ಇದೆ; ನಾನು ಅದನ್ನು ಒಪ್ಪುವುದಿಲ್ಲ. ಒಮ್ಮೆ ಶಾಶ್ವತವಾಗಿ ಬಾಗಿದ ಉಕ್ಕಿನಲ್ಲಿ ಹರಳುಗಳ ಜೋಡಣೆ ಕದಡಿರುತ್ತದೆ, ಮರಳಿ ಬಗ್ಗಿಸಿದಾಗ ಸೂಕ್ಷ್ಮ ಬಿರುಕುಗಳು ಮೂಡಬಹುದು. ಮುಂದೆ ದೊಡ್ಡ ಎಳೆತ ಬಂದಾಗ ಅದೇ ಜಾಗದಲ್ಲಿ ಮುರಿಯುತ್ತದೆ. ಅಂಜಲ್ ಅಥವಾ ಮುರು ಮೀನು ಕಚ್ಚಿದ ಹೊತ್ತಿನಲ್ಲಿ ಹಾಗಾದರೆ ಮೀನೂ ಹೋಯಿತು, ಅದರ ಬಾಯಲ್ಲಿ ಮುರುಕು ಕಬ್ಬಿಣವೂ ಉಳಿಯಿತು.

ಆಮ್ಲದಲ್ಲಿ ಅದ್ದಿ ಚೂಪು ಮಾಡಿದ ಗಾಳಗಳ ವಿಷಯ ಸ್ವಲ್ಪ ಬೇರೆ. ಆಮ್ಲ ಲೋಹವನ್ನು ಸುತ್ತಲೂ ಸಮನಾಗಿ ಕರಗಿಸುವುದರಿಂದ ಅವುಗಳ ಮೊನೆಯಲ್ಲಿ ಅರದ ಗೆರೆಗಳಿರುವುದಿಲ್ಲ. ಆ ನಯವನ್ನು ಕೈಯಿಂದ ಮರಳಿ ತರುವುದು ಕಷ್ಟ. ಸಣ್ಣ ಅಳತೆಯವಾದರೆ ಉಜ್ಜುತ್ತ ಕೂರದೆ ಹೊಸದನ್ನು ಕಟ್ಟುವುದೇ ಸರಿ. ದೊಡ್ಡ, ದಪ್ಪ ತಂತಿಯ ಗಾಳಗಳಿಗೆ ಅರ ಹಿಡಿಯುವ ಶ್ರಮ ಸಾರ್ಥಕ.

ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಕೋಲು ಮತ್ತು ದಾರದಿಂದ ಟ್ಯೂನಾ ಹಿಡಿಯುವವರು ಹಿಮ್ಮುಳ್ಳೇ ಇಲ್ಲದ ಗಾಳ ಬಳಸುತ್ತಾರೆ. ದೋಣಿಗೆ ಬಿದ್ದ ಮೀನು ತಾನಾಗಿ ಕಳಚಿಕೊಳ್ಳುತ್ತದೆ, ಗಾಳ ಕೂಡಲೇ ನೀರಿಗೆ ಮರಳುತ್ತದೆ. ಹಿಮ್ಮುಳ್ಳಿಲ್ಲದ ಗಾಳ ಸುಲಭವಾಗಿ ಒಳಗಿಳಿಯುತ್ತದೆ, ಮೀನಿನ ಬಾಯಿಯನ್ನೂ ಕಡಿಮೆ ಹರಿಯುತ್ತದೆ. ಚಿಕ್ಕ ಮೀನನ್ನು ನೀರಿಗೆ ಮರಳಿ ಬಿಡುವ ಮನಸ್ಸಿರುವವರು ಇಕ್ಕಳದಿಂದ ಹಿಮ್ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಕೊಳ್ಳಬಹುದು. ದಾರವನ್ನು ಸಡಿಲ ಬಿಡದಿರುವುದಷ್ಟೇ ಆಗ ಮುಖ್ಯ.

ಬಿಸಾಡಬೇಕಾದ ಗಾಳಗಳನ್ನು ಬಂಡೆಯ ಸಂದಿಗೆ ಎಸೆಯುವುದು ನನಗೆ ಸಹಿಸಲಾಗದ ಸಂಗತಿ. ಅಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ, ಎರೆಯ ವಾಸನೆಗೆ ನಾಯಿಗಳೂ ಬಾಯಿ ಹಾಕುತ್ತವೆ. ಬಿರಟೆಯಿರುವ ಒಂದು ಪ್ಲಾಸ್ಟಿಕ್ ಬಾಟಲಿಯನ್ನು ಚೀಲದಲ್ಲಿ ಇಟ್ಟುಕೊಂಡು, ಮೊನೆಯನ್ನು ಇಕ್ಕಳದಿಂದ ಮುರಿದು ಅದರೊಳಗೆ ಹಾಕಿ. ತುಂಬಿದ ಮೇಲೆ ಬಿರಟೆ ಬಿಗಿದು ಗುಜರಿಯವರಿಗೆ ಕೊಡುವಾಗ ಒಳಗೆ ಏನಿದೆ ಎಂದು ಹೇಳಿ ಕೊಡಿ.