ಸೌದೆ ಕೊಟ್ಟಿಗೆ ಬರಿದಾಯಿತು, ಪಾದೂರಿನ ಗುಹೆ ತುಂಬಿತು

ಸಿಲಿಂಡರ್ ಬರುವುದು ತಡವಾದಾಗಲೆಲ್ಲ, ದರ ಏರಿದಾಗಲೆಲ್ಲ ಕರಾವಳಿಯಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕುತ್ತೆತ್ತೂರಿನಲ್ಲಿ ತೈಲ ಶುದ್ಧೀಕರಣಾಗಾರವಿದೆ. ಪಣಂಬೂರಿನ ಬಂದರಿಗೆ ಅನಿಲದ ಹಡಗುಗಳು ಬರುತ್ತವೆ. ಪಾದೂರಿನ ಬಂಡೆಯೊಳಗೆ ದೇಶದ ಆಪತ್ಕಾಲದ ತೈಲವಿದೆ, ಎಲ್ಲೂರಿನಲ್ಲಿ 1,200 ಮೆಗಾವಾಟ್‌ನ ವಿದ್ಯುತ್ ಸ್ಥಾವರವಿದೆ. ಇಷ್ಟೆಲ್ಲ ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಲ್ಲೇ ಇರುವಾಗ ನಮಗೇಕೆ ಕೊರತೆ, ನಮಗೇಕೆ ಈ ದರ? ಪ್ರಶ್ನೆ ನ್ಯಾಯವಾದದ್ದು. ಉತ್ತರ ಬೇಕಾದರೆ ದಾಸ್ತಾನಿನ ಜಾಡು ಹಿಡಿಯಬೇಕು: ಇಂಧನ ಮೊದಲು ಎಲ್ಲಿರುತ್ತಿತ್ತು, ಈಗ ಎಲ್ಲಿದೆ, ಅದರ ಬೀಗದ ಕೈ ಯಾರ ಬಳಿ ಇದೆ.

ಪತ್ತನಾಜೆ ಕಳೆಯುವುದರೊಳಗೆ ಸೌದೆ ಒಳಗೆ ಬರಬೇಕು ಎಂಬುದು ಇಲ್ಲಿನ ಮನೆಗಳ ಲೆಕ್ಕವಾಗಿತ್ತು. ಮೇ ಕೊನೆಯ ವಾರದ ಆ ದಿನದ ಮೇಲೆ ಮಳೆ ಯಾವಾಗ ಬೇಕಾದರೂ ಹಿಡಿದುಕೊಳ್ಳಬಹುದು. ಕಡಿದು ಒಣಗಿಸಿದ ಸೌದೆ, ಮಡಲು, ಕೊತ್ತಳಿಗೆ, ಗೆರಟೆ, ತೆಂಗಿನ ಸಿಪ್ಪೆ ಕೊಟ್ಟಿಗೆ ಸೇರುತ್ತಿದ್ದವು. ಹಪ್ಪಳ, ಒಣಮೀನು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ಒಳಗೆ ಸೇರುತ್ತಿದ್ದುದೂ ಆಗಲೇ. ಆಟಿ ತಿಂಗಳು ದಾಟುವವರೆಗೆ ಪೇಟೆಯ ಮುಖ ನೋಡದೆ ಒಲೆ ಉರಿಯುತ್ತಿತ್ತು. ಆ ಹೊಗೆ ಕುಡಿದು ಕೆಮ್ಮಿದವರು, ಕಣ್ಣು ಕೆಡಿಸಿಕೊಂಡವರು ಮನೆಯ ಹೆಂಗಸರು. ಆ ಕಾಲ ಮರಳಲಿ ಎಂದು ಯಾರೂ ಹಾರೈಸಬಾರದು. ಆದರೆ ಮೂರು ತಿಂಗಳ ಇಂಧನ ಮನೆಯೊಳಗೇ ಇತ್ತು ಎಂಬುದನ್ನು ಮರೆಯುವ ಹಾಗೂ ಇಲ್ಲ. ಆಮೇಲೆ ಪಡಿತರದ ಸೀಮೆಎಣ್ಣೆ ಬಂತು, ಹಟ್ಟಿ ಇದ್ದವರ ಹಿತ್ತಲಿಗೆ ಗೋಬರ್ ಗ್ಯಾಸ್ ಬಂತು, ವರ್ಷಗಟ್ಟಲೆ ಸರದಿ ಕಾದವರಿಗೆ ಸಿಲಿಂಡರ್ ಬಂತು, 2016ರ ಉಜ್ವಲಾ ಯೋಜನೆಯಿಂದ ಅದು ಬಡವರ ಅಡುಗೆಮನೆಗೂ ತಲುಪಿತು.

ಇವತ್ತಿನ ಗೋಜಲು ಹುಟ್ಟಿದ್ದು 2011ರಿಂದ 2020ರ ನಡುವೆ. ನಕಲಿ ಸಂಪರ್ಕ ಪತ್ತೆ ಮಾಡಲು ಗ್ಯಾಸ್ ಗ್ರಾಹಕರೆಲ್ಲ ವಿದ್ಯುತ್ ಮೀಟರಿನ ಆರ್‌ಆರ್ ಸಂಖ್ಯೆ ಕೊಡಬೇಕೆಂದು 2011ರಲ್ಲಿ ರಾಜ್ಯದ ಆಹಾರ ಇಲಾಖೆ ಹೇಳಿತು. ಉದ್ದೇಶದಲ್ಲಿ ತಪ್ಪಿರಲಿಲ್ಲ. ಆದರೆ ಹಿರಿಯರ ಮನೆಯಲ್ಲೇ ಅಣ್ಣ ತಮ್ಮಂದಿರು ಬೇರೆ ಬೇರೆ ಒಲೆ ಹಚ್ಚಿಕೊಂಡಿದ್ದ ಕುಟುಂಬಗಳು ಇಲ್ಲಿ ಬೇಕಾದಷ್ಟಿದ್ದವು. ಅಡುಗೆಮನೆ ಎರಡು, ಮೀಟರ್ ಒಂದು. ಅಂಥವರು ತಾವು ಎರಡು ಸಂಸಾರ ಎಂದು ರುಜುವಾತು ಮಾಡಲು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. 2012ರ ಸೆಪ್ಟೆಂಬರಿನಲ್ಲಿ ಸಹಾಯಧನದ ಸಿಲಿಂಡರ್ ವರ್ಷಕ್ಕೆ ಆರೇ ಎಂದಾಯಿತು. 2013ರ ಜನವರಿಯಲ್ಲಿ ಒಂಬತ್ತಾಯಿತು, 2014ರಲ್ಲಿ ಹನ್ನೆರಡು. ಮದುವೆ, ಭೂತದ ಕೋಲ, ಊರಿಗೆ ಬರುವ ಮುಂಬಯಿ ನೆಂಟರು ಇರುವ ಮನೆಯಲ್ಲಿ ಸಿಲಿಂಡರ್ ಎಣಿಸುವ ಅಭ್ಯಾಸ ಶುರುವಾದದ್ದು ಆಗ.

2015ರ ಜನವರಿಯಿಂದ ದೇಶದೆಲ್ಲೆಡೆ ಪೂರ್ತಿ ಬೆಲೆ ಕೊಟ್ಟು ಸಿಲಿಂಡರ್ ಕೊಳ್ಳುವ, ಸಹಾಯಧನ ಬ್ಯಾಂಕ್ ಖಾತೆಗೆ ಬರುವ ಪದ್ಧತಿ ಜಾರಿಯಾಯಿತು. ಸೋರಿಕೆ ತಡೆಯಲು ಇದು ಒಳ್ಳೆಯ ದಾರಿಯೇ. ಆದರೆ ಬೆಲೆ ಒಂದು ಕಡೆ, ನೆರವು ಇನ್ನೊಂದು ಕಡೆ ಆದದ್ದರಿಂದ ನೆರವು ಕರಗಿದ್ದು ಕಣ್ಣಿಗೆ ಬೀಳಲಿಲ್ಲ. 2020ರ ಮೇ ತಿಂಗಳಿನಿಂದ ಸಾಮಾನ್ಯ ಗ್ರಾಹಕರ ಖಾತೆಗೆ ಹಣ ಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. 2022ರಲ್ಲಿ 14.2 ಕಿಲೋ ಸಿಲಿಂಡರ್ 1,000 ರೂಪಾಯಿ ದಾಟಿದಾಗ ಆ ಇಡೀ ಏರಿಕೆ ಮನೆಯ ಕಿಸೆಯಿಂದಲೇ ಹೋಯಿತು. ಉಜ್ವಲಾ ಫಲಾನುಭವಿಗಳಿಗೆ ಮಾತ್ರ ಮೊದಲು 200, ಆಮೇಲೆ 300 ರೂಪಾಯಿ ಪ್ರತ್ಯೇಕ ನೆರವು ಸಿಕ್ಕಿತು. 2023ರ ಆಗಸ್ಟಿನಲ್ಲಿ ಎಲ್ಲರಿಗೂ 200 ರೂಪಾಯಿ ಇಳಿಯಿತು, 2024ರ ಮಾರ್ಚಿನಲ್ಲಿ ಇನ್ನೂ 100 ಇಳಿಯಿತು, 2025ರ ಏಪ್ರಿಲಿನಲ್ಲಿ 50 ಏರಿತು. ಮುಂದಿನ ವರ್ಷದ ಅಡುಗೆ ಖರ್ಚು ಎಷ್ಟು ಎಂದು ಮನೆ ನಡೆಸುವವರು ಅಂದಾಜು ಹಾಕುವುದಾದರೂ ಹೇಗೆ?

ಇನ್ನು ಶುದ್ಧೀಕರಣಾಗಾರದ ಮಾತು. ಕಚ್ಚಾ ತೈಲ ಸಂಸ್ಕರಿಸಿದಾಗ ಅಡುಗೆ ಅನಿಲವಾಗಿ ಹೊರಬರುವುದು ಸಣ್ಣ ಪಾಲು. ಅದೂ ದೇಶದ ಒಟ್ಟು ಲೆಕ್ಕಕ್ಕೆ ಸೇರುತ್ತದೆ. ಕಾರ್ಖಾನೆ ಇರುವ ಊರಿಗೆಂದು ಬೇರೆ ದರವಿಲ್ಲ, ಮೀಸಲು ಪಾಲಿಲ್ಲ. ಭಾರತ ಬಳಸುವ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದಾಗುತ್ತದೆ, ಅದರ ಬಹುಪಾಲು ಕೊಲ್ಲಿ ರಾಷ್ಟ್ರಗಳಿಂದ ಹಾರ್ಮುಜ್ ಜಲಸಂಧಿ ದಾಟಿ ಬರುತ್ತಿತ್ತು. ನಮ್ಮ ಎಷ್ಟೋ ಮನೆಗಳ ಸಂಬಳವೂ ಅದೇ ಕೊಲ್ಲಿಯಿಂದಲೇ ಬರುತ್ತದೆ. ಅಲ್ಲಿ ಗಲಭೆಯಾದರೆ ಇಲ್ಲಿ ಎರಡು ಕಡೆಯಿಂದಲೂ ಪೆಟ್ಟು.

ಪಾದೂರಿನ ಗುಹೆಯಲ್ಲಿ 25 ಲಕ್ಷ ಟನ್, ಮಂಗಳೂರಿನದರಲ್ಲಿ 15 ಲಕ್ಷ ಟನ್ ತೈಲ ಹಿಡಿಯುತ್ತದೆ. ವಿಶಾಖಪಟ್ಟಣದ್ದೂ ಸೇರಿದರೆ 53.3 ಲಕ್ಷ ಟನ್. ಅದು ಪೂರ್ತಿ ತುಂಬಿದ್ದರೂ ದೇಶಕ್ಕೆ ಸುಮಾರು ಒಂಬತ್ತೂವರೆ ದಿನದ ತೈಲ. 2020ರಲ್ಲಿ ಬೆಲೆ ನೆಲಕಚ್ಚಿದಾಗ ಗುಹೆಗಳನ್ನು ತುಂಬಿಸಿಕೊಂಡದ್ದು ಜಾಣತನದ ಕೆಲಸ. ಆದರೆ ಒಳಗಿರುವುದು ಕಚ್ಚಾ ತೈಲ, ಒಲೆಗೆ ಹಚ್ಚುವ ಅನಿಲವಲ್ಲ. ಮಂಗಳೂರಿನಲ್ಲಿ 2025ರಲ್ಲಿ ಸಿದ್ಧವಾದ ಎಲ್‌ಪಿಜಿ ಗುಹೆ ಹಿಡಿಯುವುದು 80,000 ಟನ್. ವರ್ಷಕ್ಕೆ ಮೂರು ಕೋಟಿ ಟನ್‌ಗೂ ಹೆಚ್ಚು ಬಳಸುವ ದೇಶಕ್ಕೆ ಇದು ಒಂದು ದಿನದ ಅಡುಗೆ. ಮನೆಮನೆಯ ಮೂರು ತಿಂಗಳ ದಾಸ್ತಾನು ಹೋಗಿ ದೇಶದ ದಾಸ್ತಾನು ದಿನಗಳ ಲೆಕ್ಕಕ್ಕೆ ಬಂದಿದೆ ಎಂಬುದು ಎಲ್ಲರೂ ಗಂಭೀರವಾಗಿ ಯೋಚಿಸಬೇಕಾದ ವಿಷಯ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಕೊಳವೆಯಲ್ಲಿ 2021ರಿಂದ ಬರುತ್ತಿರುವ ನೈಸರ್ಗಿಕ ಅನಿಲವೂ ಕೊಚ್ಚಿಗೆ ಹಡಗಿನಲ್ಲೇ ಬಂದದ್ದು.

ವಿದ್ಯುತ್ತಿನದು ಬೇರೆ ಕಥೆ. ಶರಾವತಿ, ವಾರಾಹಿಗಳಿಗೆ ಮಳೆ ಬೇಕು. 2023ರ ಬರದಲ್ಲಿ ರಾಜ್ಯವೇ ಕತ್ತಲೆಗೆ ಹೆದರಿತು. ಎಲ್ಲೂರಿನ ಸ್ಥಾವರ ಓಡುವುದು ಆಮದು ಕಲ್ಲಿದ್ದಲಿನಿಂದ. ಹಾರುಬೂದಿಯ, ಉಪ್ಪಾದ ಬಾವಿ ನೀರಿನ ದೂರು ಹೊತ್ತವರು ಆ ಊರಿನವರು, ವಿದ್ಯುತ್ ಹೋಗುವುದು ಹಾಸನದ ಕಡೆಯ ಗ್ರಿಡ್‌ಗೆ. ಕಲ್ಲಿದ್ದಲು ತುಟ್ಟಿಯಾದರೆ ಅದು ನಮ್ಮ ಬಿಲ್ಲಿನಲ್ಲಿ ಇಂಧನ ವೆಚ್ಚದ ಹೊಂದಾಣಿಕೆ ಎಂಬ ಸಾಲಾಗಿ ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಮನೆಯವರು ಏನು ಮಾಡಬಹುದು? ಎರಡನೇ ಸಿಲಿಂಡರ್ ಇರುವವರು ಒಂದು ಖಾಲಿಯಾದ ದಿನವೇ ಬುಕ್ ಮಾಡುವುದು ಮೊದಲನೆಯದು. ಅದಕ್ಕಿಂತ ಹೆಚ್ಚು ಕೂಡಿಡುವುದು ಅಪಾಯ, ನೆರೆಯವರಿಗೆ ಅನ್ಯಾಯವೂ ಹೌದು. ಪೆಟ್ರೋಲನ್ನು ಕ್ಯಾನಿನಲ್ಲಿ ತಂದಿಡುವುದಂತೂ ಬೇಡವೇ ಬೇಡ. ನಿಜವಾದ ಉಳಿತಾಯ ಇರುವುದು ಕುಚ್ಚಲಕ್ಕಿಯಲ್ಲಿ. ಬೆಳ್ತಿಗೆಗೆ, ಅಂದರೆ ಬಿಳಿ ಅಕ್ಕಿಗೆ ಹೋಲಿಸಿದರೆ ಅದು ಬೇಯಲು ಬಹಳ ಹೊತ್ತು ಬೇಕು. ನೆನೆಹಾಕಿ, ಕುದಿ ಬಂದ ಮೇಲೆ ಸ್ವಲ್ಪ ಹೊತ್ತು ಬೇಯಿಸಿ, ಪಾತ್ರೆಯನ್ನು ಥರ್ಮಲ್ ಕುಕ್ಕರಿನೊಳಗೆ ಇಟ್ಟು ಮುಚ್ಚಿದರೆ ಉಳಿದದ್ದು ತನ್ನ ಬಿಸಿಯಲ್ಲೇ ಬೇಯುತ್ತದೆ. ಸ್ಟೀಲ್ ಪಾತ್ರೆ ಅಂಗಡಿಗಳಲ್ಲಿ ಇದು ಸಿಗುತ್ತದೆ. ತೋಟ ಇರುವವರಿಗೆ ಸ್ನಾನದ ನೀರಿಗೆ ಮಡಲು, ಸಿಪ್ಪೆ ಇನ್ನೂ ಇದೆ. ಅದನ್ನು ಮಳೆಗೆ ಮುಂಚೆ ಒಳಗೆ ಹಾಕಿಸಿ. ಕದ್ರಿ, ಬಿಜೈಯ ಫ್ಲಾಟ್‌ಗಳಲ್ಲಿ, ಮಣಿಪಾಲದ ಬಾಡಿಗೆ ಕೋಣೆಗಳಲ್ಲಿ ಇರುವವರಿಗೆ ಆ ದಾರಿಯೂ ಇಲ್ಲ. ಅವರು ನೋಡುವುದು ಇಂಡಕ್ಷನ್ ಒಲೆಯ ಕಡೆಗೆ.

ಅಲ್ಲೊಂದು ತೊಡಕಿದೆ. ಒಂದು ಸಿಲಿಂಡರಿನ ಅಡುಗೆಗೆ ಇಂಡಕ್ಷನ್‌ನಲ್ಲಿ ಅಂದಾಜು 120ರಿಂದ 140 ಯುನಿಟ್ ಬೇಕು. ಒಂದೂವರೆ ತಿಂಗಳಿಗೆ ಒಂದು ಸಿಲಿಂಡರ್ ಮುಗಿಸುವ ಮನೆಯಲ್ಲಿ ತಿಂಗಳಿಗೆ ಎಂಬತ್ತು, ತೊಂಬತ್ತು ಯುನಿಟ್ ಹೆಚ್ಚುತ್ತದೆ. ಗೃಹಜ್ಯೋತಿಯ ಉಚಿತ ಮಿತಿಯನ್ನು ಕಟ್ಟಿದ್ದು 2022-23ರ ಸರಾಸರಿ ಬಳಕೆಯ ಮೇಲೆ, ಸ್ವಲ್ಪ ಹೆಚ್ಚುವರಿ ಸೇರಿಸಿ. ಆ ಮಿತಿ ಮೀರಿದ ಯುನಿಟ್‌ಗಳಿಗೆ ಹಣ ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. 120 ಯುನಿಟ್ ಉರಿಸುತ್ತಿದ್ದ ಸಂಸಾರ ಗ್ಯಾಸ್ ಸಿಗದೆ ಒಲೆ ಬದಲಿಸಿದರೆ 200ರ ಅಂಚಿಗೆ ಬಂದು ನಿಲ್ಲುತ್ತದೆ. ಸಿಲಿಂಡರ್ ಪೂರೈಕೆ ತಪ್ಪಿದ ತಿಂಗಳುಗಳಿಗಾದರೂ ಈ ಮಿತಿಯನ್ನು ಸಡಿಲಿಸಬೇಕು. ಬುಕ್ಕಿಂಗ್ ದಿನಾಂಕ, ವಿತರಣೆಯ ದಿನಾಂಕ ಎರಡೂ ಕಂಪ್ಯೂಟರಿನಲ್ಲಿವೆ, ಆರ್‌ಆರ್ ಸಂಖ್ಯೆಯನ್ನು 2011ರಲ್ಲೇ ಕೇಳಿ ಪಡೆದಾಗಿದೆ.